ಹಳೆಯ ಡೀಸೆಲ್ ಪಿಕಪ್ ಮತ್ತು ಟ್ರೇಲರ್: ಸುಗ್ಗಿಗೆ ಮುನ್ನ ನಿರ್ವಹಣೆ, ದಾರಿಯಲ್ಲಿ ದೋಷ ಪತ್ತೆ

ಕುಂದಗೋಳ ತಾಲೂಕಿನ ಯರಗುಪ್ಪಿಯಂತಹ ಎರೆ ಭೂಮಿಯ ಊರುಗಳಲ್ಲಿ ವ್ಯಾಪಾರದ ವರ್ಷವು ಬೆಳೆಯ ಬೆನ್ನು ಹಿಡಿದೇ ಸಾಗುತ್ತದೆ. ಮುಂಗಾರಿನ ಹೆಸರು, ಅದರ ಹಿಂದೆ ಶೇಂಗಾ, ಬಳಿಕ ಹತ್ತಿ, ಒಣಮೆಣಸಿನಕಾಯಿ, ಹಿಂಗಾರಿನ ಕಡಲೆ ಮತ್ತು ಜೋಳ ಹೀಗೆ ಒಂದಾದ ಮೇಲೊಂದು ಮಾಲು ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆ ಪ್ರಾಂಗಣಕ್ಕೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೋ ಹೊರಡುತ್ತದೆ. ಈ ಸಾಗಣೆಯ ಬಹುಪಾಲು ಹೊಸ ವಾಹನಗಳಿಂದ ನಡೆಯುವುದಿಲ್ಲ. ಹತ್ತು ಹದಿನೈದು ವರ್ಷ ದುಡಿದ ಟಾಟಾ 207, ಮಹೀಂದ್ರ ಪಿಕಪ್ ಮೊದಲಾದ ವಾಹನಗಳೂ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರುಗಳೂ ಸಣ್ಣ ವ್ಯಾಪಾರಸ್ಥರ ನಿಜವಾದ ಬಂಡವಾಳವಾಗಿವೆ.

ಹಳೆಯ ವಾಹನ ಕೆಡುವುದು ಸಹಜ. ಆದರೆ ಅದು ಸುಗ್ಗಿಯಲ್ಲಿ, ಮಾಲು ಹೇರಿದ ಮೇಲೆ, ನಡುದಾರಿಯಲ್ಲಿ ಕೆಟ್ಟಾಗ ಆಗುವ ಹಾನಿ ರಿಪೇರಿಯ ಬಿಲ್ಲಿಗೆ ಮುಗಿಯುವುದಿಲ್ಲ. ಆ ದಿನದ ಟೆಂಡರ್ ತಪ್ಪುತ್ತದೆ, ಹಮಾಲರ ಕೂಲಿ ವ್ಯರ್ಥವಾಗುತ್ತದೆ, ಮಳೆ ಬಿದ್ದರೆ ಮಾಲೂ ಕೆಡುತ್ತದೆ. ಬ್ರೇಕ್ ಅಥವಾ ಟ್ರೇಲರಿನ ಕೊಂಡಿ ಕೈಕೊಟ್ಟರೆ ಜೀವಕ್ಕೇ ಕುತ್ತು. ಆದ್ದರಿಂದ ಯಾವ ದೋಷವನ್ನು ಮಾಲೀಕನೇ ಗುರುತಿಸಬಹುದು, ಯಾವುದನ್ನು ಮೇಸ್ತ್ರಿಗೆ ಒಪ್ಪಿಸಬೇಕು, ಯಾವುದನ್ನು ಒಂದು ದಿನವೂ ಮುಂದೂಡಬಾರದು ಎಂಬ ವಿವೇಚನೆ ಪ್ರತಿಯೊಬ್ಬ ವಾಹನ ಮಾಲೀಕನಿಗೂ ಅಗತ್ಯ.

ಎರೆ ಭೂಮಿ ಮತ್ತು ವಾಹನದ ಸವಕಳಿ

ಬೇಸಿಗೆಯಲ್ಲಿ ಎರೆಮಣ್ಣು ಹಿಟ್ಟಿನಂತಹ ಧೂಳಾಗುತ್ತದೆ. ಮಳೆಗಾಲದಲ್ಲಿ ಅಂಟಿನಂತೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಧೂಳು ಏರ್ ಫಿಲ್ಟರನ್ನು ಕಟ್ಟಿಸುತ್ತದೆ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಸೀಳಿದ್ದರೆ ಅಥವಾ ಅದರ ಕ್ಲಿಪ್ ಸಡಿಲವಾಗಿದ್ದರೆ ಧೂಳು ಸೋಸದೆಯೇ ಒಳಸೇರಿ ಪಿಸ್ಟನ್ ರಿಂಗುಗಳನ್ನು ತೇಯುತ್ತದೆ. ಫಿಲ್ಟರ್ ಹೊಸದಿದ್ದರೂ ಎಂಜಿನ್ ಬೇಗ ಸವೆಯುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಆದುದರಿಂದ ಫಿಲ್ಟರ್ ಬದಲಿಸುವಾಗಲೆಲ್ಲ ಹೋಸನ್ನು ಬಿಚ್ಚಿ ಒಳಗೆ ಬೆರಳಾಡಿಸಿ ನೋಡಬೇಕು. ಒಳಗೆ ಧೂಳಿನ ಪದರ ಕಂಡರೆ ಎಲ್ಲೋ ಸೋರಿಕೆ ಇದೆಯೆಂದೇ ಅರ್ಥ. ಕಾಗದದ ಫಿಲ್ಟರನ್ನು ನೆಲಕ್ಕೆ ಬಡಿಯುವುದು, ಹೆಚ್ಚು ಒತ್ತಡದ ಗಾಳಿ ಹೊಡೆಯುವುದು ಸಲ್ಲದು. ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ.

ಕೆಸರಿನಲ್ಲಿ ಓಡಾಡಿದ ವಾಹನದ ಕಿಂಗ್ ಪಿನ್, ಕಮಾನು ಪಟ್ಟಿಯ ಶ್ಯಾಕಲ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಇವುಗಳಿಗೆ ಹಳೆಯ ಗ್ರೀಸ್ ಹೊರಬರುವವರೆಗೂ ಹೊಸ ಗ್ರೀಸ್ ತುಂಬಬೇಕು. ಗೇರ್ ಬದಲಿಸಿ ಕ್ಲಚ್ ಬಿಟ್ಟಾಗ ಕೆಳಗಿನಿಂದ ‘ಟಕ್’ ಎಂಬ ಶಬ್ದ ಬಂದರೆ ಮೊದಲು ಕ್ರಾಸನ್ನೇ ಸಂಶಯಿಸಬೇಕು.

ಸ್ಟಾರ್ಟ್ ಆಗದ ಎಂಜಿನ್: ಕ್ರಮಬದ್ಧ ಪರಿಶೀಲನೆ

ಹಳೆಯ ಡೀಸೆಲ್ ಎಂಜಿನ್ನಿಗೆ ಬೇಕಾದವು ಮೂರೇ: ಸಾಕಷ್ಟು ವೇಗದ ತಿರುಗುವಿಕೆ, ಗಾಳಿ ಬೆರೆಯದ ಶುದ್ಧ ಡೀಸೆಲ್, ಮತ್ತು ಸಿಲಿಂಡರಿನೊಳಗಿನ ಒತ್ತಡ. ಪರಿಶೀಲನೆಯೂ ಇದೇ ಕ್ರಮದಲ್ಲಿ ನಡೆಯಬೇಕು. ಕ್ರಮ ಬಿಟ್ಟು ಮೊದಲಿಗೇ ಪಂಪು ಬಿಚ್ಚಿಸುವುದು ಹಣ ಕಳೆದುಕೊಳ್ಳುವ ಸುಲಭ ಮಾರ್ಗ.

ಎಂಜಿನ್ ನಿಧಾನವಾಗಿ ತಿರುಗಿದರೆ ದೋಷ ವಿದ್ಯುತ್ತಿನದು. ಬ್ಯಾಟರಿಯ ಟರ್ಮಿನಲ್ಲುಗಳ ಮೇಲಿನ ಬಿಳಿ ಹಿಟ್ಟನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿ ಮಾಡಬೇಕು. ಎಂಜಿನ್ನಿಗೂ ಚಾಸಿಗೂ ಇರುವ ಅರ್ತ್ ಪಟ್ಟಿಯನ್ನು ನೋಡಬೇಕು. ರಾತ್ರಿಯಿಡೀ ನಿಂತ ವಾಹನದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಬರಬೇಕು. ಓಡುವಾಗಲೂ ಅಂಕಿ ಏರದಿದ್ದರೆ ಹೊಸ ಬ್ಯಾಟರಿ ಕೊಳ್ಳುವುದು ವ್ಯರ್ಥ. ಬೆಲ್ಟ್ ಅಥವಾ ಆಲ್ಟರ್ನೇಟರ್ ದುರಸ್ತಿಯಾಗಬೇಕು.

ಎಂಜಿನ್ ವೇಗವಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸೈಲೆನ್ಸರಿನತ್ತ ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ವಿದ್ಯುತ್ ಸೊಲೆನಾಯ್ಡ್ ಇರುವ ಪಂಪಿನಲ್ಲಿ ಕೀಲಿ ತಿರುಗಿಸಿದಾಗ ‘ಟಿಕ್’ ಎಂದು ಕೇಳಿಸಬೇಕು. ಕೇಳಿಸದಿದ್ದರೆ ಫ್ಯೂಸ್ ಮತ್ತು ವೈರ್ ನೋಡಬೇಕು. ಬಳಿಕ ಫಿಲ್ಟರಿನ ತಳದ ನೀರನ್ನು ಹೊರಬಿಡಬೇಕು. ಡ್ರಮ್ಮಿನಲ್ಲಿ ತುಂಬಿಟ್ಟ ಡೀಸೆಲ್ ಬಳಸುವವರು ಇದನ್ನು ವಾರಕ್ಕೊಮ್ಮೆ ತಪ್ಪದೆ ಮಾಡಬೇಕು.

ಡೀಸೆಲ್ ಸಾಲಿನಲ್ಲಿ ಗಾಳಿ ಹಿಡಿದಿದ್ದರೆ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪ್ರೈಮರ್ ಒತ್ತುತ್ತ ಹೋಗಬೇಕು. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿಯಬೇಕು. ಮರುದಿನ ಮತ್ತೆ ಗಾಳಿ ಹಿಡಿದರೆ ಸೋರಿಕೆ ಟ್ಯಾಂಕ್ ಮತ್ತು ಫೀಡ್ ಪಂಪಿನ ನಡುವೆ ಇರುತ್ತದೆ. ಆ ಭಾಗದಲ್ಲಿ ಪಂಪು ಡೀಸೆಲನ್ನು ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಆದ್ದರಿಂದ ಹೋಸ್ ಬಿರಿದಿದ್ದರೂ ಹನಿ ಕೆಳಗೆ ಬೀಳುವುದಿಲ್ಲ, ಗಾಳಿ ಒಳಸೇರುತ್ತದೆ. ನೆಲ ಒಣಗಿದೆ, ಸೋರಿಕೆಯಿಲ್ಲ ಎಂದು ಅನೇಕರು ಮೋಸಹೋಗುವುದು ಇಲ್ಲಿಯೇ. ಕೆಲವೇ ರೂಪಾಯಿಯ ಹೋಸ್ ಮತ್ತು ಕ್ಲಿಪ್ ಬದಲಿಸಿದರೆ ಮುಗಿಯುವ ಕೆಲಸವಿದು.

ಎರಡು ಎಚ್ಚರಿಕೆಗಳು ಅವಶ್ಯ. ನಾಜಲ್‌ನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ರಕ್ತಕ್ಕೆ ಸೇರಬಲ್ಲದು. ಕೈ ಅಡ್ಡ ಹಿಡಿಯಬಾರದು. ಕಾಮನ್ ರೈಲ್ ಎಂಜಿನ್ನುಗಳ ಒತ್ತಡದ ಪೈಪನ್ನು ಮನೆಯಲ್ಲಿ ಸಡಿಲಿಸಲೇಬಾರದು. ಬಿಎಸ್-4 ಮಾನದಂಡವು 2017ರ ಏಪ್ರಿಲ್ 1ರಿಂದ, ಬಿಎಸ್-6 ಮಾನದಂಡವು 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದವು. ಎಲೆಕ್ಟ್ರಾನಿಕ್ ನಿಯಂತ್ರಣದ ಇಂತಹ ಹೊಸ ಎಂಜಿನ್ನುಗಳ ದೋಷವನ್ನು ಸ್ಕ್ಯಾನರ್ ಇರುವ ಕಾರ್ಯಾಗಾರದಲ್ಲಿಯೇ ತಿಳಿಯಬೇಕು.

ಹೊಗೆಯ ಬಣ್ಣ ತಿಳಿಸುವ ಸಂಗತಿ

ಕಪ್ಪು ಹೊಗೆ: ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ಏರ್ ಫಿಲ್ಟರ್, ನಾಜಲ್, ಅತಿಯಾದ ಹೇರು ಇವನ್ನು ಈ ಕ್ರಮದಲ್ಲಿ ನೋಡಬೇಕು.

ಬಿಳಿ ಹೊಗೆ: ಮುಂಜಾನೆಯ ಚಳಿಯಲ್ಲಿ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಿ ಪ್ಲಗ್ ಕೆಟ್ಟಿದ್ದರೂ ಹೀಗಾಗುತ್ತದೆ. ಎಂಜಿನ್ ಕಾದ ಮೇಲೂ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ.

ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಗೈಡ್ ಅಥವಾ ಟರ್ಬೊ ಸೀಲ್ ಸವೆದಿದೆ. ಆಯಿಲ್ ಮಟ್ಟವನ್ನು ದಿನವೂ ನೋಡುತ್ತ ಸುಗ್ಗಿ ಕಳೆಯಬಹುದು. ಆದರೆ ಖರ್ಚಿಗೆ ಸಿದ್ಧರಾಗಿರಬೇಕು.

ಆಯಿಲ್ ಕಡ್ಡಿಯೂ ಮಾತನಾಡುತ್ತದೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ. ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಬೆರೆತಿದೆ. ಎರಡೂ ಸಂದರ್ಭಗಳಲ್ಲಿ ವಾಹನ ಓಡಿಸಬಾರದು. ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದರೂ ಇದೇ ನಿಯಮ: ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು.

ಎಂಜಿನ್ ಕಾಯುವುದು

ಹತ್ತಿಯ ಎಳೆ, ಹೊಟ್ಟು, ಧೂಳು ರೇಡಿಯೇಟರಿನ ಕಿಂಡಿಗಳಲ್ಲಿ ಸಿಕ್ಕಿ ಗಾಳಿಯನ್ನು ತಡೆಯುತ್ತವೆ. ಎಂಜಿನ್ ತಣ್ಣಗಾದ ಮೇಲೆ ಫ್ಯಾನಿನ ಕಡೆಯಿಂದ ಮುಂದಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಮುಂದಿನಿಂದ ಜೋರಾಗಿ ಹೊಡೆದರೆ ಕಸ ಇನ್ನಷ್ಟು ಒಳಗೆ ಕೂರುತ್ತದೆ. ಕೊಳವೆಬಾವಿಯ ಗಡಸು ನೀರು ರೇಡಿಯೇಟರಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಆದ್ದರಿಂದ ಸಿದ್ಧ ಕೂಲಂಟ್ ಅಥವಾ ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟನ್ನೇ ಬಳಸುವುದು ಲೇಸು. ಕಾದ ರೇಡಿಯೇಟರಿನ ಮುಚ್ಚಳ ತೆಗೆಯುವುದು, ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದು ಎರಡೂ ಅಪಾಯ: ಒಂದು ಮೈ ಸುಡುತ್ತದೆ, ಇನ್ನೊಂದು ಸಿಲಿಂಡರ್ ಹೆಡ್ಡನ್ನು ಸೀಳುತ್ತದೆ.

ಬ್ರೇಕ್: ಮುಂದೂಡಲಾಗದ ಕೆಲಸ

ಪೆಡಲ್ ಮೆತ್ತಗಿದ್ದರೆ ಬ್ರೇಕ್ ಸಾಲಿನಲ್ಲಿ ಗಾಳಿಯಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಸೋತಿದೆ, ಇಲ್ಲವೇ ಎಲ್ಲೋ ಸೋರಿಕೆಯಿದೆ. ವಾಹನ ಒಂದು ಬದಿಗೆ ಎಳೆದರೆ ಆ ಗಾಲಿಯ ಎದುರು ಬದಿಯ ಗಾಲಿಯಲ್ಲಿ ಬ್ರೇಕ್ ಹಿಡಿಯುತ್ತಿಲ್ಲ. ಡ್ರಮ್ಮಿನಲ್ಲಿ ಕೆಸರು ಅಥವಾ ಆಯಿಲ್ ಸೇರಿರಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ತೇವ ಸೇರಿದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು.

ಪೆಡಲ್ ಹಠಾತ್ತನೆ ಕಲ್ಲಿನಂತಾದರೆ ಬೂಸ್ಟರಿಗೆ ವ್ಯಾಕ್ಯೂಮ್ ತಲುಪುತ್ತಿಲ್ಲ. ಹಳೆಯ ಅನೇಕ ಡೀಸೆಲ್ ಪಿಕಪ್‌ಗಳಲ್ಲಿ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಹಿಂಬದಿಯಲ್ಲಿಯೇ ಇರುತ್ತದೆ. ಬೆಲ್ಟ್ ಹರಿದರೆ ಬ್ಯಾಟರಿ ಚಾರ್ಜ್ ನಿಲ್ಲುವುದಷ್ಟೇ ಅಲ್ಲ, ಬ್ರೇಕಿನ ಬಲವೂ ಕುಗ್ಗುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಬಿಡುವ ರೂಢಿಯೂ ಇದೇ ಕಾರಣಕ್ಕೆ ಪ್ರಾಣಾಂತಿಕ.

ಟ್ರೇಲರ್: ಎಲ್ಲರೂ ಮರೆಯುವ ವಾಹನ

ಟ್ರೇಲರಿಗೆ ಎಂಜಿನ್ ಇಲ್ಲ. ಅದು ಸ್ಟಾರ್ಟ್ ಆಗಲಿಲ್ಲ ಎಂಬ ದೂರು ಎಂದೂ ಬರುವುದಿಲ್ಲ. ಆದುದರಿಂದಲೇ ಅದರ ನಿರ್ವಹಣೆಯ ನೆನಪೂ ಆಗುವುದಿಲ್ಲ.

ಹಬ್ ಮತ್ತು ಬೇರಿಂಗ್: ವರ್ಷಕ್ಕೊಮ್ಮೆ ಜಾಕ್ ಹಾಕಿ ಗಾಲಿಯನ್ನು ಮೇಲೆ ಕೆಳಗೆ ಅಲುಗಿಸಿ ನೋಡಬೇಕು, ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಬೇಕು. ಮಳೆಗಾಲದಲ್ಲಿ ಬೆಣ್ಣೆಹಳ್ಳದಂತಹ ಹಳ್ಳಗಳ ನೀರಿನಲ್ಲಿ ಗಾಲಿ ಮುಳುಗಿದರೆ ಮತ್ತೊಮ್ಮೆ ಮಾಡಬೇಕು. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ದಾರಿಯಲ್ಲಿ ನಿಂತಾಗ ಎಲ್ಲ ಹಬ್‌ಗಳ ಬಳಿ ಕೈ ಹಿಡಿದು ನೋಡುವುದು ಉತ್ತಮ ಅಭ್ಯಾಸ. ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಮುಂದೆ ಹೋಗಬಾರದು.

ಕೊಂಡಿ: ಹುಕ್ಕು, ರಿಂಗು ಮತ್ತು ಪಿನ್ನು ತಮ್ಮ ಮೂಲ ದಪ್ಪದಿಂದ ಎಷ್ಟು ಸವೆದಿವೆ ಎಂಬುದನ್ನು ನೋಡಬೇಕು. ಪಿನ್ನಿನ ಬದಲು ಕಬ್ಬಿಣದ ಸರಳು, ಲಿಂಚ್ ಪಿನ್ನಿನ ಬದಲು ತಂತಿ ಬಳಸುವುದು ಅಪಘಾತಕ್ಕೆ ಆಹ್ವಾನ. ಸುರಕ್ಷಾ ಸರಪಳಿ ಇರಲೇಬೇಕು.

ಬ್ರೇಕ್: ಹಲವು ಟ್ರೇಲರುಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಪೂರ್ತಿ ಹೇರಿನ ಭಾರವನ್ನು ಟ್ರ್ಯಾಕ್ಟರ್ ಒಂದೇ ತಡೆಯಬೇಕು. ಹೊಲದಲ್ಲಿ ಹೊರಳಲು ಅನುಕೂಲವಾಗುವಂತೆ ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಬಿಡಿಸಿರುತ್ತಾರೆ. ರಸ್ತೆಗೆ ಬರುವ ಮುನ್ನ ಎರಡನ್ನೂ ಕೂಡಿಸಿ ಲಾಕ್ ಹಾಕಬೇಕು. ಹಾಕದಿದ್ದರೆ ಒಂದೇ ಗಾಲಿ ಹಿಡಿದು ಟ್ರ್ಯಾಕ್ಟರ್ ತಿರುಗಿ ಬೀಳುತ್ತದೆ.

ಹೇರು: ಎರಡು ಗಾಲಿಯ ಟ್ರೇಲರಿನಲ್ಲಿ ಭಾರ ಹಿಂದೆ ಹೆಚ್ಚಾದರೆ ಟ್ರ್ಯಾಕ್ಟರಿನ ಹಿಂಗಾಲಿಯ ಹಿಡಿತ ತಪ್ಪುತ್ತದೆ, ಮುಂದೆ ಹೆಚ್ಚಾದರೆ ಮುಂಗಾಲಿ ಹಗುರಾಗಿ ಸ್ಟಿಯರಿಂಗ್ ಕೇಳುವುದಿಲ್ಲ. ಹತ್ತಿ ಹಗುರವೆಂದು ಎತ್ತರಕ್ಕೆ ಹೇರುವುದು ವಾಡಿಕೆ. ಆದರೆ ಎತ್ತರ ಬೆಳೆದಂತೆ ತಿರುವಿನಲ್ಲಿ ಮಗುಚುವ ಭಯವೂ ಬೆಳೆಯುತ್ತದೆ.

ದೀಪ: ರಾತ್ರಿ ನಿಂತ ಟ್ರೇಲರ್ ಹಿಂದಿನಿಂದ ಬರುವವನಿಗೆ ಕಪ್ಪು ಗೋಡೆ. ಹಿಂದೆ ಕೆಂಪು, ಬದಿಗಳಲ್ಲಿ ಹಳದಿ, ಮುಂದೆ ಬಿಳಿ ಪ್ರತಿಫಲಕ ಪಟ್ಟಿ ಅಂಟಿಸಿ, ಕೆಸರು ಒರೆಸಿ ಇಡುವುದಕ್ಕೆ ತಗಲುವ ಖರ್ಚು ಅತ್ಯಲ್ಪ.

ಹೇರಿನ ಮೇಲೆ ಕೂರುವ ಜನ

ಹತ್ತಿ ಬಿಡಿಸಲು, ಕಾಯಿ ಹರಿಯಲು ಕೂಲಿಗಳನ್ನು ಸರಕು ವಾಹನದಲ್ಲಿ ಒಯ್ಯುವುದು ಗ್ರಾಮಾಂತರದಲ್ಲಿ ಸಾಮಾನ್ಯ ನೋಟ. ಇದು ನಿಯಮಬಾಹಿರ. ಅಲ್ಲದೆ, ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಸರಕಿನೊಡನೆ ಹೋಗುವ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಯ ಸ್ಥಿತಿ ಬೇರೆ. 1994ರ ತಿದ್ದುಪಡಿಯಿಂದ ಅವರಿಗೆ ರಕ್ಷಣೆ ದೊರೆತಿದೆ. ಉಳಿದವರ ವಿಷಯದಲ್ಲಿ ಪರಿಹಾರದ ಹೊರೆ ವಾಹನದ ಮಾಲೀಕನ ಮೇಲೆಯೇ ಬೀಳಬಹುದು. ಜೀವಹಾನಿಯ ದುಃಖದ ಜೊತೆಗೆ ಅಂಗಡಿ ಹೊಲಗಳೂ ಕೈಬಿಡುವ ಪ್ರಸಂಗ ಬರಬಾರದು.

ದಾಖಲೆ ಮತ್ತು ವಾಹನದ ವಹಿ

ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆ ನಂತರ ಪ್ರತಿ ವರ್ಷ ಅರ್ಹತಾ ಪ್ರಮಾಣಪತ್ರ ನವೀಕರಿಸಬೇಕು. ಬಿಎಸ್-4ಕ್ಕಿಂತ ಹಳೆಯ ವಾಹನಗಳ ಹೊಗೆ ತಪಾಸಣೆ ಆರು ತಿಂಗಳಿಗೊಮ್ಮೆ ಆಗಬೇಕು. ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದು.

ಇದರ ಜೊತೆಗೆ ಪ್ರತಿ ವಾಹನಕ್ಕೂ ಒಂದು ವಹಿ ಇರಬೇಕು. ದಿನಾಂಕ, ಓಡಿದ ಕಿಲೋಮೀಟರ್, ತುಂಬಿದ ಡೀಸೆಲ್, ಸೇರಿಸಿದ ಆಯಿಲ್, ಮಾಡಿಸಿದ ರಿಪೇರಿ, ನಿಂತು ಕಳೆದ ದಿನಗಳು ಇಷ್ಟನ್ನು ಬರೆದರೆ ಸಾಕು. ಡೀಸೆಲ್ ಖರ್ಚು ಮೆಲ್ಲನೆ ಏರುತ್ತಿದ್ದರೆ ದೋಷವು ಕಣ್ಣಿಗೆ ಕಾಣುವ ಮುನ್ನ ವಹಿಯಲ್ಲಿ ಕಾಣುತ್ತದೆ. ರಿಪೇರಿಯ ಮೊತ್ತಕ್ಕೆ ನಿಂತ ದಿನಗಳ ನಷ್ಟ ಕೂಡಿಸಿ, ಬೇರೆ ವಾಹನದ ಸಾಲದ ಕಂತಿನೊಡನೆ ಹೋಲಿಸಿದರೆ ಹಳೆಯದನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬುದಕ್ಕೂ ಉತ್ತರ ಅಲ್ಲಿಯೇ ದೊರೆಯುತ್ತದೆ.

ವಾರಕ್ಕೊಮ್ಮೆ ನೋಡಬೇಕಾದವು

1. ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮಟ್ಟ.
2. ಡೀಸೆಲ್ ಫಿಲ್ಟರಿನ ನೀರು. ಏರ್ ಫಿಲ್ಟರ್ ಮತ್ತು ಹೋಸ್.
3. ಬೆಲ್ಟಿನ ಬಿಗಿ, ಬ್ಯಾಟರಿ ಟರ್ಮಿನಲ್.
4. ಸ್ಟೆಪ್ನಿ ಸಹಿತ ಎಲ್ಲ ಟೈರುಗಳ ಗಾಳಿ, ಓಡಿಸುವ ಮುನ್ನ. ಗಾಲಿಯ ನಟ್ಟುಗಳ ಬಿಗಿ.
5. ಬ್ರೇಕ್ ಪೆಡಲ್, ಕೈಬ್ರೇಕ್.
6. ಟ್ರೇಲರಿನ ಕೊಂಡಿ, ಸರಪಳಿ, ಹಬ್, ದೀಪ, ಪ್ರತಿಫಲಕ.

ಇಷ್ಟಕ್ಕೆ ಅರ್ಧ ಗಂಟೆ ಸಾಕು. ಅಂಗಡಿ ತೆರೆಯುವ ಮುನ್ನ ತಕ್ಕಡಿಯನ್ನು ಸರಿನೋಡುವ ವ್ಯಾಪಾರಸ್ಥನು ಮಾಲು ಹೊರುವ ವಾಹನವನ್ನೂ ಅದೇ ಕಣ್ಣಿನಿಂದ ನೋಡಿದರೆ, ಹದಿನೈದು ವರ್ಷದ ಪಿಕಪ್ ಕೂಡ ಸುಗ್ಗಿಯನ್ನು ಕೈಬಿಡದೆ ದಾಟಿಸಬಲ್ಲದು.