ಗಿಟಾರ್ ಕಲಿಯುವಾಗ ಕೈ ಕಾಪಾಡಿಕೊಳ್ಳುವುದು ಹೇಗೆ?

ನಮ್ಮಲ್ಲಿ ಹಲವರು ಮನೆಯಲ್ಲೇ ಮೊಬೈಲ್ ನೋಡಿ ಗಿಟಾರ್ ಕಲಿಯುತ್ತಿದ್ದಾರೆ. ಹೊಸಪೇಟೆಯಲ್ಲಾಗಲಿ, ಕಂಪ್ಲಿ, ಸಂಡೂರಿನಲ್ಲಾಗಲಿ ಎಲ್ಲರಿಗೂ ಮನೆಯ ಹತ್ತಿರ ಗುರುಗಳು ಸಿಗುವುದಿಲ್ಲ. ಹೀಗೆ ಕಲಿಯುವುದರಲ್ಲಿ ಒಂದು ತೊಂದರೆ ಇದೆ. ವಿಡಿಯೋದಲ್ಲಿ ಕಲಿಸುವವರ ಕೈ ನಮಗೆ ಕಾಣುತ್ತದೆ, ಆದರೆ ನಮ್ಮ ಕೈ ಅವರಿಗೆ ಕಾಣುವುದಿಲ್ಲ.

ತಂತಿವಾದ್ಯಗಳಿಗೆ ನಮ್ಮ ರಾಜ್ಯದಲ್ಲಿ ದೊಡ್ಡ ಪರಂಪರೆಯಿದೆ. ಧಾರವಾಡದ ಸಿತಾರ್ ರತ್ನ ರಹಿಮತ್ ಖಾನ್ ಅವರ ಮನೆತನದಲ್ಲಿ ಮೊಮ್ಮಗ ಉಸ್ತಾದ್ ಬಾಲೇಖಾನ್ ಸೇರಿದಂತೆ ಅನೇಕ ಸಿತಾರ್ ವಾದಕರು ಆಗಿಹೋಗಿದ್ದಾರೆ. ಗುರುವಿನ ಎದುರು ಕೂತು ಕಲಿಯುವಾಗ ಶಿಷ್ಯ ಕೂರುವ ರೀತಿ, ಮಣಿಕಟ್ಟು, ಬೆರಳು ಎಲ್ಲವನ್ನೂ ಗುರು ನೋಡಿ ತಿದ್ದುತ್ತಾರೆ. ಒಬ್ಬರೇ ಕಲಿಯುವವರು ಆ ಕೆಲಸವನ್ನು ತಾವೇ ಮಾಡಿಕೊಳ್ಳಬೇಕು.

ಕೈ ಕೆಲಸ ಮಾಡುವ ರೀತಿ

ಒಂದು ಕೈಯಿಂದ ಇನ್ನೊಂದು ಮುಂಗೈ ಹಿಡಿದು ಬೆರಳಾಡಿಸಿ ನೋಡಿ. ಮುಂಗೈಯೊಳಗೆ ಚಲನೆ ಗೊತ್ತಾಗುತ್ತದೆ. ಬೆರಳು ಮಡಿಸುವ ಮುಖ್ಯ ಸ್ನಾಯುಗಳು ಅಲ್ಲಿವೆ. ಅವುಗಳಿಂದ ಹೊರಟ 9 ಸ್ನಾಯುರಜ್ಜುಗಳು ಮತ್ತು ಒಂದು ನರ ಮಣಿಕಟ್ಟಿನ ಕಿರಿದಾದ ದಾರಿಯಲ್ಲಿ ಹಾದು ಬೆರಳಿಗೆ ಬರುತ್ತವೆ. ಈ ದಾರಿಗೆ ಕಾರ್ಪಲ್ ಟನಲ್ ಎನ್ನುತ್ತಾರೆ. ಮಣಿಕಟ್ಟನ್ನು ಬಹಳ ಬಗ್ಗಿಸಿ ಬಲವಾಗಿ ಒತ್ತಿದರೆ ಇಲ್ಲಿ ಒತ್ತಡ ಹೆಚ್ಚುತ್ತದೆ.

ಎರಡು ಬಗೆಯ ನೋವು

ಹೊಸಬರಿಗೆ ಬೆರಳ ತುದಿ ಉರಿಯುವುದು ಸಹಜ. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗಿ ಅದು ಕಡಿಮೆಯಾಗುತ್ತದೆ. ಆದರೆ ಮಣಿಕಟ್ಟು, ಹೆಬ್ಬೆರಳ ಬುಡ, ಮುಂಗೈ, ಮೊಣಕೈ ಅಥವಾ ಭುಜದಲ್ಲಿ ನೋವು ಬಂದರೆ ಅದು ಬೇರೆ. ‘ನೋವಾದರೇ ರಿಯಾಜ್’ ಎಂದುಕೊಂಡು ಮುಂದುವರಿಸಬಾರದು, ಅಲ್ಲಿಗೇ ನಿಲ್ಲಿಸಬೇಕು.

ಪಾಲಿಸಬೇಕಾದ ಅಂಶಗಳು

1. ಬೆನ್ನು ನೇರ, ಭುಜ ಸಡಿಲ ಇರಲಿ. ಗಿಟಾರಿನ ಭಾರವನ್ನು ತೊಡೆ ಅಥವಾ ಪಟ್ಟಿ ಹೊರಬೇಕು, ಎಡಗೈ ಹೊರಬಾರದು.

2. ಮಣಿಕಟ್ಟು ಆದಷ್ಟು ನೇರವಾಗಿರಲಿ. ಬೆರಳನ್ನು ಫ್ರೆಟ್ ಪಟ್ಟಿಗೆ ಹತ್ತಿರ, ಅದರ ಹಿಂದೆಯೇ ಇಟ್ಟರೆ ಕಡಿಮೆ ಬಲ ಸಾಕು.

3. ಎಷ್ಟು ಒತ್ತಬೇಕೆಂದು ತಿಳಿಯಲು ತಂತಿ ಒತ್ತಿ ನುಡಿಸುತ್ತಾ ನಿಧಾನವಾಗಿ ಸಡಿಲಿಸಿ. ಸ್ವರ ಕರಕರ ಎನ್ನುವ ಜಾಗಕ್ಕಿಂತ ಸ್ವಲ್ಪ ಹೆಚ್ಚು ಒತ್ತಿದರೆ ಸಾಕು. ಹೆಬ್ಬೆರಳಿನಿಂದ ಹಿಂಡಬೇಡಿ.

4. ಉಕ್ಕಿನ 6 ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ.ಯಷ್ಟಿರುತ್ತದೆ. ನೈಲಾನ್ ತಂತಿಯಲ್ಲಿ ಅದು ಬಹಳ ಕಡಿಮೆ. ಉಕ್ಕಿನ ತಂತಿಯ ಗಿಟಾರಿನಲ್ಲಿ 12ನೇ ಫ್ರೆಟ್ ಬಳಿ ತಂತಿ 4 ಮಿ.ಮೀ.ಗಿಂತ ಎತ್ತರ ಇದ್ದರೆ ರಿಪೇರಿಯವರಲ್ಲಿ ತಗ್ಗಿಸಿಕೊಳ್ಳಿ. ಕೈ ಸೋಲುವುದಕ್ಕೆ ಎಷ್ಟೋ ಸಲ ಗಿಟಾರೇ ಕಾರಣ.

5. ಮೊದಲ 5 ನಿಮಿಷ ನಿಧಾನವಾಗಿ ನುಡಿಸಿ. ಪ್ರತಿ 20–25 ನಿಮಿಷಕ್ಕೆ 5 ನಿಮಿಷ ಬಿಡುವು ಕೊಡಿ. ‘ಎಫ್’ನಂಥ ಬಾರ್ ಕಾರ್ಡನ್ನು ಒಂದೇ ಸಮ ಅರ್ಧ ಗಂಟೆ ಹಿಡಿಯಬೇಡಿ. ಕಾರ್ಯಕ್ರಮ ಬಂತೆಂದು 30 ನಿಮಿಷದ ಅಭ್ಯಾಸವನ್ನು ಒಮ್ಮೆಲೇ 3 ಗಂಟೆಗೆ ಏರಿಸಬೇಡಿ.

6. ಬಿಡುವಿನಲ್ಲಿ ಮೊಬೈಲ್ ಹಿಡಿದರೆ ಅದು ಬಿಡುವಲ್ಲ, ಅದೇ ಹೆಬ್ಬೆರಳು ಮತ್ತೆ ದುಡಿಯುತ್ತದೆ.

ಜರ್ಮನಿಯ ರಾಬರ್ಟ್ ಶೂಮನ್ (1810–1856) ಪಿಯಾನೋ ವಾದಕನಾಗಲು ಹೊರಟವರು. 1830ರ ದಶಕದ ಆರಂಭದಲ್ಲಿ ಬಲಗೈ ಬೆರಳು ಕೆಟ್ಟು ಆ ದಾರಿ ಮುಚ್ಚಿತು. ಆಮೇಲೆ ಸಂಗೀತ ರಚನೆಯಲ್ಲಿ ದೊಡ್ಡ ಹೆಸರು ಮಾಡಿದರು, ಆದರೆ ವೇದಿಕೆಯ ವಾದಕರಾಗಲಿಲ್ಲ. ಅಷ್ಟು ದೂರ ಏಕೆ, ನಮ್ಮ ಹಂಪಿಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ಬಡಿಯಲು ಈಗ ಬಿಡುವುದಿಲ್ಲ. ಬಡಿದೂ ಬಡಿದೂ ಕಲ್ಲಿಗೇ ಹಾನಿಯಾಗುತ್ತದೆ ಎಂದಮೇಲೆ ಕೈಯ ಪಾಡೇನು?

ಗಿಟಾರ್ ನುಡಿಸದವರಿಗೂ

ಸಂಡೂರಿನ ಲಂಬಾಣಿ ಕಸೂತಿ ಹಾಕುವವರು, ಕಂಪ್ಲಿ ಕಡೆಯ ಹೊಲಗಳಲ್ಲಿ ದುಡಿಯುವವರು, ದರ್ಜಿಗಳು ಎಲ್ಲರದೂ ಒಂದೇ ಚಲನೆ ಮತ್ತೆ ಮತ್ತೆ ಮಾಡುವ ಕೆಲಸ. ನಮ್ಮ ಅಮ್ಮಿ ಹೊಲಿಗೆ ಯಂತ್ರದ ಮುಂದಿಂದ ಮಧ್ಯೆ ಮಧ್ಯೆ ಎದ್ದು ಕೈ ಕೊಡವಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ 3 ಗಂಟೆ ಬರೆಯುವ ನಮಗೂ ಇದು ಬೇಕು. ಪೆನ್ನು ಬಿಗಿಯಾಗಿ ಹಿಡಿಯದೆ, ಉತ್ತರಗಳ ನಡುವೆ ಒಂದು ಕ್ಷಣ ಕೈ ಸಡಿಲ ಬಿಡಬೇಕು. ಲೆಕ್ಕಶಾಸ್ತ್ರದಲ್ಲಿ ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಕಳೆಯುತ್ತೇವೆ. ಹಳೆಯ ಯಂತ್ರ ಮಾರಿ ಹೊಸದು ಕೊಳ್ಳಬಹುದು, ಕೈಗೆ ಆ ಸೌಲಭ್ಯವಿಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಬೆರಳು ಜುಮ್ಮೆನ್ನುವುದು, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವುದು, ಲೋಟ ಕೈಜಾರುವುದು, ವಿಶ್ರಾಂತಿ ಕೊಟ್ಟರೂ ಒಂದೆರಡು ವಾರ ನೋವು ಹೋಗದಿರುವುದು – ಇವುಗಳಲ್ಲಿ ಯಾವುದಿದ್ದರೂ ಮನೆಯವರಿಗೆ ಹೇಳಿ, ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿ. ನೋವಿನ ಮಾತ್ರೆ ನುಂಗಿ ನುಡಿಸಬೇಡಿ, ಅದು ನೋವನ್ನು ಮರೆಸುತ್ತದೆಯೇ ಹೊರತು ಒತ್ತಡವನ್ನು ತಗ್ಗಿಸುವುದಿಲ್ಲ.

ಇಂದು ಅಭ್ಯಾಸಕ್ಕೆ ಕೂತಾಗ ಎದುರಿಗೊಂದು ಕನ್ನಡಿ ಇಟ್ಟುಕೊಳ್ಳಿ, ಇಲ್ಲವೇ ಗೆಳೆಯರಿಗೆ ನಿಮ್ಮ ಮಣಿಕಟ್ಟು, ಭುಜ ನೋಡಲು ಹೇಳಿ. ಗುರುಗಳು ಸಿಗುವವರೆಗೆ ಅಷ್ಟಾದರೂ ಮಾಡೋಣ.