ಹೆದ್ದಾರಿಗೆ ಹೊಲ ಹೋಗುವಾಗ ಮನೆಗೆ ನೋಟಿಸ್ ಬರುತ್ತದೆಂದು ಕಾಯಬೇಡಿ

"ನಮ್ಮ ಮನಿಗಿ ನೋಟಿಸ್ ಬಂದೇ ಇಲ್ರಿ." ಜಮೀನಿನ ಕಾಗದ ಹಿಡಿದು ಚಿಕ್ಕೋಡಿ ಕೋರ್ಟಿಗೆ ಬರುವ ರೈತರಿಂದ ವಕೀಲರು ಪದೇ ಪದೇ ಕೇಳುವ ಮಾತಿದು. ಕಬ್ಬಿನ ನಡುವೆ ಗಡಿಕಲ್ಲು ನೆಟ್ಟ ಮೇಲೆ ಅವರು ಬರುತ್ತಾರೆ. ಅಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದಿರುತ್ತದೆ.

ನಿಪ್ಪಾಣಿ ಮೇಲೆ ಹಾಯುವ 48ನೇ ಹೆದ್ದಾರಿಯಿರಲಿ, ಅಥಣಿ, ಚಿಕ್ಕೋಡಿ ಮೂಲಕ ಹೋಗುವ 548ಬಿ ಇರಲಿ, ಭೂಸ್ವಾಧೀನ ನಡೆಯುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ. ಮೊದಲು ಕೇಂದ್ರದ ಗೆಜೆಟ್‌ನಲ್ಲಿ ಸ್ವಾಧೀನದ ಉದ್ದೇಶ ತಿಳಿಸುವ 3ಎ ಅಧಿಸೂಚನೆ ಬರುತ್ತದೆ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಅಚ್ಚಾಗಬೇಕು, ಒಂದು ಪ್ರಾದೇಶಿಕ ಭಾಷೆಯದು. ಈ ಹಂತದಲ್ಲಿ ಮನೆಮನೆಗೆ ನೋಟಿಸ್ ಕೊಡಬೇಕೆಂದು ಕಾಯ್ದೆಯೇ ಹೇಳಿಲ್ಲ.

ಮೋಸಹೋಗುವುದು ಇಲ್ಲೇ. ಆಕ್ಷೇಪಣೆಗೆ ಇರುವುದು 21 ದಿನ, ಅದೂ ಗೆಜೆಟ್ ಪ್ರಕಟಣೆಯ ದಿನದಿಂದ. ಪತ್ರಿಕೆಯಲ್ಲಿ ಬಂದ ದಿನದಿಂದ ಎಣಿಸುತ್ತ ಕೂತವರ ಕೈಯಿಂದ ದಿನಗಳು ಜಾರಿರುತ್ತವೆ. ಮನೆಯಲ್ಲಿ ಮರಾಠಿ ಪತ್ರಿಕೆ ಓದುವ ಗಡಿಭಾಗದ ಕುಟುಂಬಕ್ಕೆ ಕನ್ನಡ ಪತ್ರಿಕೆಯ ಪ್ರಕಟಣೆ ಕಣ್ಣಿಗೆ ಬೀಳುವುದೂ ಕಷ್ಟ. ತಲಾಠಿಗೆ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಚಾವಡಿಯಲ್ಲಿ ಒಂದು ಪ್ರತಿ ಅಂಟಿಸಲು ಯಾರಪ್ಪನ ಗಂಟು ಹೋಗುತ್ತದೆ? ಕೈಗೆ ಕೊಡಲೇಬೇಕಾದ ನೋಟಿಸ್ ಒಂದಿದೆ, 3ಇ. ಅದು ಪರಿಹಾರ ಠೇವಣಿಯಾದ ಮೇಲೆ, 60 ದಿನದೊಳಗೆ ಜಮೀನು ಬಿಡಿ ಎಂದು ಹೇಳಲು ಬರುವಂಥದ್ದು.

ಆದ್ದರಿಂದ ಸರ್ವೆಯವರು ಊರಿಗೆ ಕಾಲಿಟ್ಟರೆಂದರೆ ಇ-ಗೆಜೆಟ್ ಜಾಲತಾಣದಲ್ಲಿ ಗ್ರಾಮದ ಹೆಸರು, ಸರ್ವೆ ನಂಬರ್ ಹುಡುಕಬೇಕು. ಸಿಕ್ಕರೆ ಬರಹದಲ್ಲಿ ಆಕ್ಷೇಪಣೆ ಕೊಡಬೇಕು, ತಹಶೀಲ್ದಾರರಿಗಲ್ಲ, ಶಾಸಕರಿಗಲ್ಲ, ಅಧಿಸೂಚನೆಯಲ್ಲಿ ಹೆಸರಿಸಿದ ಸಕ್ಷಮ ಪ್ರಾಧಿಕಾರಿಗೆ. ಬೇರೆ ಕಚೇರಿಯವರು "ಇಟ್ಟು ಹೋಗ್ರಿ" ಎಂದು ತೆಗೆದುಕೊಂಡು ಸುಮ್ಮನಾಗುತ್ತಾರೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಡಬಾರದು. ಮುದ್ರೆ ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಬೇಕು.

"ಜಮೀನು ಕೊಡುವುದಿಲ್ಲ" ಎಂಬ ಒಂದೇ ಸಾಲು ಸಾಲದು. ಬಾವಿ ಎಲ್ಲಿದೆ, ಪೈಪ್‌ಲೈನ್ ಎಲ್ಲಿ ಹಾಯುತ್ತದೆ, ರಸ್ತೆಯಾಚೆ ಉಳಿಯುವ ತುಂಡಿಗೆ ಎರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್ ಹೇಗೆ ಹೋಗಬೇಕು, ಅಂಡರ್‌ಪಾಸ್ ಎಲ್ಲಿ ಬೇಕು ಎಂದು ಬರೆಯಬೇಕು. ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳುವ ಅವಕಾಶ ಹಕ್ಕು, ಸಾಹೇಬರ ಕೃಪೆಯಲ್ಲ. ಬೆಳಗಾವಿಯ ಹಲಗಾ–ಮಚ್ಛೆ ಬೈಪಾಸ್ ರೈತರು ಹೊಲಕ್ಕಿಳಿದು ಹೋರಾಡಿ ಕೋರ್ಟಿಗೂ ಹೋಗಬೇಕಾಯಿತು. ಯಂತ್ರ ಬಂದ ಮೇಲಿನ ಜಗಳಕ್ಕಿಂತ ಈ ಅರ್ಜಿ ಅಗ್ಗ.

ಆದರೆ ಎಲ್ಲ ಭೂಸ್ವಾಧೀನಕ್ಕೂ 21 ದಿನವಲ್ಲ. 2013ರ ಭೂಸ್ವಾಧೀನ ಕಾಯ್ದೆಯಡಿ 60 ದಿನ. ರೈಲ್ವೆ ಕಾಯ್ದೆಯ ವಿಶೇಷ ಯೋಜನೆಗೆ 30. ಯಾವ ಕಾಯ್ದೆ ಎಂಬುದನ್ನು ಅಧಿಸೂಚನೆಯ ಮೊದಲ ಸಾಲುಗಳಲ್ಲೇ ನೋಡಬೇಕು. ಇನ್ನು, ಹೆದ್ದಾರಿ ಕಾಯ್ದೆಯಲ್ಲಿ 3ಎ ಆಗಿ ಒಂದು ವರ್ಷದೊಳಗೆ ಸ್ವಾಧೀನದ 3ಡಿ ಘೋಷಣೆ ಆಗದಿದ್ದರೆ ಆ 3ಎ ಅಧಿಸೂಚನೆ ಬಿದ್ದುಹೋಗುತ್ತದೆ. ಕೋರ್ಟ್ ತಡೆಯಾಜ್ಞೆಯ ಅವಧಿ ಮಾತ್ರ ಲೆಕ್ಕಕ್ಕಿಲ್ಲ.

ದರದ ಜಗಳ ಬೇರೆ, ಅದಕ್ಕೆ ಪರಿಹಾರ ನಿಗದಿಯ 3ಜಿ ಹಂತವಿದೆ. ಐತೀರ್ಪು ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಬಳಿ ಅರ್ಜಿ. ಅವರ ತೀರ್ಪೂ ಬೇಡವೆಂದರೆ ಪ್ರತಿ ಕೈಸೇರಿದ ಮೂರು ತಿಂಗಳೊಳಗೆ ಜಿಲ್ಲಾ ನ್ಯಾಯಾಲಯ. ಉತಾರೆ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಬೇಕು. ಇಲ್ಲವಾದರೆ ಪಾಲಿನ ತಕರಾರು ಎದ್ದು ಹಣ ಸಿವಿಲ್ ಕೋರ್ಟಿನಲ್ಲಿ ಕೂರುತ್ತದೆ. ಆಗಲೇ ದಲ್ಲಾಳಿ ಪರ್ಸೆಂಟ್ ಮಾತಾಡಿ ಮುಖತ್ಯಾರ ಪತ್ರಕ್ಕೆ ಸಹಿ ಕೇಳುವುದು. ಕೊಡಬಾರದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.