ವಾಂತಿ-ಭೇದಿಗೆ ಬಾಟ್ಲಿಗಿಂತ ಮೊದಲು ಲೋಟ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ವಾಂತಿ-ಭೇದಿಯಿಂದ ಬಳಲಿದವರನ್ನು ಪಟ್ಟಣದ ಕ್ಲಿನಿಕ್ಕಿಗೆ ಕರೆತಂದು ‘ಒಂದು ಗ್ಲೂಕೋಸ್ ಬಾಟ್ಲಿ ಹಾಕಿಬಿಡಿ’ ಎಂದು ಕೇಳುವುದು ವಾಡಿಕೆಯಾಗಿದ್ದು, ರಕ್ತನಾಳಕ್ಕೆ ಏರಿಸುವ ದ್ರವವೇ ನಿಜವಾದ ಚಿಕಿತ್ಸೆ, ಬಾಯಿಂದ ಕುಡಿಸುವುದು ಬರಿಯ ಉಪಚಾರ ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆ ಬಹುಮಟ್ಟಿಗೆ ತಪ್ಪೆಂಬುದನ್ನು ಮಕ್ಕಳ ವೈದ್ಯ ಹಾಗೂ ಸಂಶೋಧಕ ದಿಲೀಪ್ ಮಹಲನಾಬಿಸ್ ಅರ್ಧ ಶತಮಾನದ ಹಿಂದೆಯೇ ತೋರಿಸಿಕೊಟ್ಟರು. 1971ರ ಬಾಂಗ್ಲಾ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವಿಗೆ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವದ ದಾಸ್ತಾನು ಮುಗಿಯುತ್ತ ಬಂದಾಗ, ಅವರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ನಲ್ಲಿಯಿರುವ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇ 3.6ಕ್ಕೆ ಇಳಿಯಿತು. 1973ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ವರದಿಯ ದೊಡ್ಡ ತಿರುಳು ಔಷಧದ ಬಗೆಗಿನದಲ್ಲ, ತರಬೇತಿಯಿಲ್ಲದ ಬಂಧುಗಳೂ ತುರ್ತು ಚಿಕಿತ್ಸೆಯನ್ನು ನಡೆಸಬಲ್ಲರು ಎಂಬುದು. ಮಹಲನಾಬಿಸ್ 2022ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ ಪದ್ಮವಿಭೂಷಣ ಬಂದಿತು. ಬದುಕಿದ್ದಾಗಲೇ ಬರಬೇಕಿದ್ದ ಗೌರವ ಅದು.

ಈ ಉಪಾಯ ಫಲಿಸುವುದಕ್ಕೆ ಕಾರಣ ಸಣ್ಣ ಕರುಳಿನ ಗೋಡೆಯಲ್ಲಿದೆ. ಅಲ್ಲಿ ಗ್ಲೂಕೋಸ್ ಒಳಹೋಗುವಾಗ ಉಪ್ಪಿನ ಅಂಶವಾದ ಸೋಡಿಯಂ ಜೊತೆಗೂಡಿಯೇ ಹೋಗುತ್ತದೆಂದು ರಾಬರ್ಟ್ ಕ್ರೇನ್ 1960ರಲ್ಲಿ ಮಂಡಿಸಿದರು; ಇವೆರಡರ ಬೆನ್ನಿಗೆ ನೀರೂ ರಕ್ತಕ್ಕೆ ಸೇರುತ್ತದೆ, ಮತ್ತು ಭೇದಿಯ ತೀವ್ರತೆಯಲ್ಲೂ ಈ ದಾರಿ ಮುಚ್ಚುವುದಿಲ್ಲ. ಆದ್ದರಿಂದ ಬರಿಯ ನೀರು ಕಳೆದುಹೋದ ಉಪ್ಪನ್ನು ತುಂಬದು, ಅತಿ ಸಿಹಿಯಾದ ಪಾನೀಯವಾದರೋ ನೀರನ್ನು ಮತ್ತೆ ಕರುಳಿನೊಳಕ್ಕೇ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಉಪ್ಪು, ಗ್ಲೂಕೋಸ್ ಎರಡರ ಪ್ರಮಾಣವೂ ಸರಿಯಾಗಿರಬೇಕೆಂಬ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಸೂತ್ರವನ್ನು ಪರಿಷ್ಕರಿಸಿತು: ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಷಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಔಷಧದ ಅಂಗಡಿಯಲ್ಲೂ ಆಶಾ ಕಾರ್ಯಕರ್ತೆಯ ಬಳಿಯೂ ಸಿಗುವ ಓಆರ್‌ಎಸ್ ಪ್ಯಾಕೆಟ್ ಎಂದರೆ ಇದೇ. ಕೊಳ್ಳುವಾಗ ಪೊಟ್ಟಣದ ಮೇಲೆ ಈ ಸೂತ್ರವಿದೆಯೇ ಎಂದು ನೋಡುವುದು ಅಗತ್ಯ. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಹಲವು ವರ್ಷ ಓಆರ್‌ಎಸ್ ಎಂಬ ಹೆಸರನ್ನೇ ಹೊತ್ತು ಮಾರಾಟವಾದ ಮೇಲೆ, ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಹಾಗೆ ಹೆಸರಿಸುವುದನ್ನು ತಡೆಯಿತು.

ಮನೆಯ ಚಿಕಿತ್ಸೆಯ ಮೊದಲ ಹೆಜ್ಜೆ ಓಆರ್‌ಎಸ್ ಕಲಸುವುದು. ಕೈಯನ್ನು ಸೋಪಿನಿಂದ ತೊಳೆದು, ಕುದಿಸಿ ಆರಿಸಿದ ನೀರನ್ನು ಅಳತೆ ಗೊತ್ತಿರುವ ಪಾತ್ರೆಗೆ ಅಥವಾ ಒಂದು ಲೀಟರಿನ ಖಾಲಿ ಬಾಟಲಿಗೆ ತುಂಬಿ, ಒಂದು ಲೀಟರಿಗೆಂದು ನಮೂದಿಸಿರುವ ಪೊಟ್ಟಣವಾದರೆ ಇಡಿಯಾಗಿ ಸುರಿಯಬೇಕು, 200 ಮಿ.ಲೀ. ಅಳತೆಯ ಸಣ್ಣ ಪೊಟ್ಟಣಗಳೂ ಇರುವುದರಿಂದ ಹೊರಗಿನ ಬರಹವನ್ನು ಓದದೆ ಕಲಸಬಾರದು. ಅರ್ಧ ಪೊಟ್ಟಣವನ್ನು ಅಂದಾಜಿನ ಲೋಟಕ್ಕೆ ಹಾಕುವುದು ಸಾಮಾನ್ಯವಾಗಿ ಕಾಣುವ ತಪ್ಪು; ಹಾಗೆ ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಕಲಸಿದ ನೀರನ್ನು ಮತ್ತೆ ಕಾಯಿಸಬಾರದು, ಹಾಲು, ಸಕ್ಕರೆ, ಹಣ್ಣಿನ ರಸ ಬೆರೆಸಬಾರದು, 24 ಗಂಟೆ ಕಳೆದರೆ ಚೆಲ್ಲಿ ಹೊಸದಾಗಿ ಮಾಡಬೇಕು. ಪೊಟ್ಟಣ ಕೈಗೆ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಟೀ ಚಮಚದ ಅಳತೆಯಲ್ಲಿ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಮಟ್ಟಸ ಚಮಚ ಉಪ್ಪು ಸೇರಿಸಿದರೆ ತಾತ್ಕಾಲಿಕವಾಗಿ ಸಾಕು.

ತೆಂಗಿನ ಸೀಮೆಯಾದ ಕಡೂರಿನಲ್ಲಿ ಎಳನೀರನ್ನು ಕುರಿತು ಒಂದು ಮಾತು ಹೇಳಲೇಬೇಕು. ಅದು ಒಳ್ಳೆಯ ಪಾನೀಯವೇ, ಅದರಲ್ಲಿ ಪೊಟ್ಯಾಷಿಯಂ ಧಾರಾಳವಾಗಿದೆ. ಆದರೆ ಭೇದಿಯಲ್ಲಿ ಹೆಚ್ಚಾಗಿ ಕಳೆದುಹೋಗುವ ಸೋಡಿಯಂ ಕಡಿಮೆಯಿರುವುದರಿಂದ ಅದು ಓಆರ್‌ಎಸ್‌ಗೆ ಜೊತೆಯಾಗಬಹುದೇ ಹೊರತು ಬದಲಿಯಾಗದು, ಮೂತ್ರಪಿಂಡದ ಕಾಯಿಲೆಯಿರುವವರಿಗೆ ವೈದ್ಯರನ್ನು ಕೇಳದೆ ಕೊಡಲೂ ಬಾರದು. ಉಪ್ಪು ಹಾಕಿದ ಮಜ್ಜಿಗೆ, ಅನ್ನದ ಗಂಜಿ, ತೆಳುವಾದ ರಾಗಿ ಅಂಬಲಿ ಇವೂ ಹೀಗೆಯೇ ಜೊತೆಗಾರರು.

ಎರಡನೆಯ ಹೆಜ್ಜೆ ಕುಡಿಸುವುದು, ಇಲ್ಲಿ ತಾಳ್ಮೆಯೇ ಮುಖ್ಯ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ., ವಯಸ್ಕರಿಗೆ ಬಾಯಾರಿಕೆ ತೀರುವಷ್ಟು ಕೊಡಬೇಕು. ಕುಡಿದದ್ದೆಲ್ಲ ವಾಂತಿಯಾಯಿತೆಂದು ಮನೆಯವರು ಕೈಬಿಡುವುದು ಈ ಹಂತದಲ್ಲಿಯೇ. ಹಾಗಾದಾಗ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕೊಟ್ಟರೆ ಬಹುಪಾಲು ಒಳಗೆ ನಿಲ್ಲುತ್ತದೆ. ಎದೆಹಾಲನ್ನು ನಿಲ್ಲಿಸಬಾರದು, ಊಟವನ್ನೂ ನಿಲ್ಲಿಸಬಾರದು. ಭೇದಿಯ ಮಕ್ಕಳಿಗೆ ಸತುವಿನ ಅಂಶವಾದ ಜಿಂಕ್ ಮಾತ್ರೆಯನ್ನು ಆರು ತಿಂಗಳು ದಾಟಿದ್ದರೆ ದಿನಕ್ಕೆ 20 ಮಿ.ಗ್ರಾಂ, ಅದಕ್ಕಿಂತ ಚಿಕ್ಕವರಾದರೆ 10 ಮಿ.ಗ್ರಾಂನಂತೆ 14 ದಿನ ಕೊಡುವುದು ಪದ್ಧತಿಯಾಗಿದ್ದು, ಭೇದಿ ನಿಂತ ಮೇಲೂ ಉಳಿದ ದಿನಗಳನ್ನು ಪೂರೈಸಬೇಕು. ಭೇದಿ ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ಕೊಡುವುದು ಅಪಾಯಕರ. ಮಲದಲ್ಲಿ ರಕ್ತವಿಲ್ಲದ ಸಾಧಾರಣ ಭೇದಿಗೆ ಆ್ಯಂಟಿಬಯೋಟಿಕ್ ಬೇಕಾಗುವುದೂ ಅಪರೂಪ.

ಶಿಶುಗಳ ತೀವ್ರ ಭೇದಿಗೆ ಮುಖ್ಯ ಕಾರಣವಾದ ರೋಟಾವೈರಸ್ ಕುರಿತ ಸಂಶೋಧನೆಯಲ್ಲಿ ಕರ್ನಾಟಕದ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಬೆಂಗಳೂರಿನ ನವಜಾತ ಶಿಶುಗಳಲ್ಲಿ ರೋಗಲಕ್ಷಣವಿಲ್ಲದೆ ನೆಲೆಸಿದ್ದ ಐ321 ಎಂಬ ತಳಿಯನ್ನು ಅಧ್ಯಯನ ಮಾಡಿ, ಅದರ ಹೊರಮೈಯ ಪ್ರೋಟೀನುಗಳು ದನಗಳ ರೋಟಾವೈರಸ್‌ನವನ್ನು ಬಹಳವಾಗಿ ಹೋಲುತ್ತವೆಂದು 1993ರಲ್ಲಿ ಪ್ರಕಟಿಸಿತು. ಅಮೃತಮಹಲ್ ದನಗಳ ನಾಡಾದ ಅಜ್ಜಂಪುರದ ಓದುಗರಿಗೆ ಇದು ಕುತೂಹಲದ ಸಂಗತಿಯಾದೀತು. ಈ ವೈರಸ್‌ನಿಂದ ಮಕ್ಕಳನ್ನು ಕಾಯಲು ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ 6, 10 ಮತ್ತು 14ನೆಯ ವಾರಗಳಲ್ಲಿ ಕೊಡುವ ರೋಟಾವೈರಸ್ ಲಸಿಕೆಯನ್ನು ತಪ್ಪಿಸಬಾರದು.

ಮೂರನೆಯ ಹೆಜ್ಜೆ ಗಮನಿಸುವುದು. ಕಣ್ಣು ಗುಳಿಬಿದ್ದಿರುವುದು, ಅತಿಯಾದ ಬಾಯಾರಿಕೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ನಿಧಾನವಾಗಿ ಮೊದಲಿನಂತಾಗುವುದು ನಿರ್ಜಲೀಕರಣದ, ಅಂದರೆ ದೇಹದ ನೀರು ಕುಗ್ಗಿರುವುದರ, ಗುರುತುಗಳು. ರೋಗಿ ಮಂಕಾಗಿ ಕುಡಿಯಲಾರದಂತಾದರೆ, ಆರು ಗಂಟೆಯಿಂದ ಮೂತ್ರವಾಗದಿದ್ದರೆ, ಕೈಕಾಲು ತಣ್ಣಗಾದರೆ, ಮಲದಲ್ಲಿ ರಕ್ತ ಕಂಡರೆ ಮನೆಯ ಚಿಕಿತ್ಸೆಯ ಗಡಿ ದಾಟಿತೆಂದೇ ಅರ್ಥ. ರಕ್ತನಾಳಕ್ಕೆ ದ್ರವ ಏರಿಸುವ ಡ್ರಿಪ್ ನಿಜವಾಗಿ ಬೇಕಾಗಬಹುದಾದದ್ದು ಇಂಥವರಿಗೆ. ಕುಡಿಯಬಲ್ಲವರೇ ಆಸ್ಪತ್ರೆಯ ಹಾಸಿಗೆಗಳನ್ನು ತುಂಬಿಕೊಂಡರೆ ಇವರು ಕಾಯಬೇಕಾಗುತ್ತದೆ.

ಹೊಟ್ಟೆನೋವಿನ ಲೆಕ್ಕವೇ ಬೇರೆ, ಅಲ್ಲಿ ಲೋಟ ಕೆಲವೊಮ್ಮೆ ಕೇಡು ಮಾಡುತ್ತದೆ. ಹೊಕ್ಕಳ ಸುತ್ತ ಆರಂಭವಾದ ನೋವು ಕೆಲವು ಗಂಟೆಗಳಲ್ಲಿ ಬಲಭಾಗದ ಕೆಳಹೊಟ್ಟೆಗೆ ಸರಿದು, ಹಸಿವು ಹೋಗಿ, ಓಕರಿಕೆ ಮತ್ತು ಸಣ್ಣ ಜ್ವರ ಸೇರಿದರೆ ಅಪೆಂಡಿಕ್ಸ್ ಊದಿಕೊಂಡಿರುವ ಶಂಕೆ ಹುಟ್ಟುತ್ತದೆ. ಶಸ್ತ್ರವೈದ್ಯ ಆಲ್ಫ್ರೆಡೊ ಆಲ್ವರಾಡೊ 305 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 1986ರಲ್ಲಿ ಪ್ರಕಟಿಸಿದ ಹತ್ತು ಅಂಕಗಳ ಪಟ್ಟಿಯಲ್ಲಿ ಬಲ ಕೆಳಹೊಟ್ಟೆಯನ್ನು ಮುಟ್ಟಿದಾಗಿನ ನೋವಿಗೂ ರಕ್ತದ ಬಿಳಿಕಣಗಳ ಏರಿಕೆಗೂ ಎರಡೆರಡು ಅಂಕ, ಉಳಿದ ಆರು ಲಕ್ಷಣಗಳಿಗೆ ಒಂದೊಂದು ಅಂಕವಿದ್ದು, ದೊಡ್ಡ ಯಂತ್ರಗಳಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಇದನ್ನು ಲೆಕ್ಕಹಾಕಬಹುದು. ಇಂಥ ನೋವಿಗೆ ಹರಳೆಣ್ಣೆ ಕುಡಿಸುವುದು, ಬಟ್ಟಿ ಬಿದ್ದಿದೆಯೆಂದು ಹೊಟ್ಟೆ ನೀವಿಸುವುದು ಅಪೆಂಡಿಕ್ಸ್ ಒಡೆಯಲು ದಾರಿಯಾಗಬಹುದು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿದ್ದರೆ, ಉಬ್ಬಿ ವಾಯುವೂ ಹೋಗದೆ ವಾಂತಿಯಾಗುತ್ತಿದ್ದರೆ, ಮೇಲ್ಹೊಟ್ಟೆಯ ಕಡುನೋವು ಬೆನ್ನಿಗೆ ಹಾಯುತ್ತಿದ್ದರೆ, ರಕ್ತವಾಂತಿಯಾದರೆ ಅಥವಾ ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಏನನ್ನೂ ತಿನ್ನಿಸದೆ, ಕುಡಿಸದೆ ಹೊರಡಬೇಕು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದರಿಂದ ಅದನ್ನು ವೈದ್ಯರಿಗೆ ತಿಳಿಸಬೇಕು. ಮೈಕೈ ನೋವಿಗೆಂದು ದಿನವೂ ನುಂಗುವ ಮಾತ್ರೆ ಹೊಟ್ಟೆಯ ಹುಣ್ಣಿನಿಂದ ರಕ್ತ ಸೋರಿಸಬಲ್ಲದಾದ್ದರಿಂದ ಅದನ್ನಂತೂ ಮುಚ್ಚಿಡಲೇಬಾರದು. ನಡುವಯಸ್ಸು ದಾಟಿದವರಿಗೆ, ಸಕ್ಕರೆ ಕಾಯಿಲೆಯವರಿಗೆ ಬೆವರಿನೊಡನೆ ಬರುವ ‘ಗ್ಯಾಸ್ಟ್ರಿಕ್’ ಹೃದಯಾಘಾತವೂ ಆಗಿರಬಹುದು. ಇಸಿಜಿ ಮಾಡಿಸದೆ ಸೋಡಾ ಕುಡಿಸಿ ಮಲಗಿಸುವುದು ಕೂಡದು.

ಸಾಗಿಸುವ ದಾರಿಯನ್ನು ಮೊದಲೇ ಯೋಚಿಸಿಟ್ಟಿರಬೇಕು. ಕಡೂರಿನಿಂದ ಚಿಕ್ಕಮಗಳೂರು ಸುಮಾರು 40 ಕಿ.ಮೀ., ತರೀಕೆರೆಯಿಂದ ಮೆಗ್ಗಾನ್ ಆಸ್ಪತ್ರೆಯಿರುವ ಶಿವಮೊಗ್ಗವೂ ಹೆಚ್ಚುಕಡಿಮೆ ಅಷ್ಟೇ ದೂರ. ಅಜ್ಜಂಪುರದ ಹಳ್ಳಿಗಳಿಂದ ಹೊರಟವರಿಗೆ ಇನ್ನೂ ಹೆಚ್ಚು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ನೋವಿಗೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ರೋಗಿಯ ಸ್ಥಿತಿಯನ್ನು ಸ್ಥಿರಪಡಿಸಿಕೊಂಡು ಮುಂದೆ ಹೋಗುವುದು ಕ್ಷೇಮ. 2008ರಿಂದ ರಾಜ್ಯದಲ್ಲಿರುವ ಉಚಿತ 108 ಆಂಬ್ಯುಲೆನ್ಸ್‌ಗೆ ಕರೆ ಮಾಡುವಾಗ ಊರು, ತಾಲ್ಲೂಕು, ಹತ್ತಿರದ ದೇವಸ್ಥಾನ ಅಥವಾ ಶಾಲೆ, ಗಾಡಿ ಬರಬಲ್ಲ ರಸ್ತೆ ಇವನ್ನು ಹೇಳಿ, ತೋಟದ ಮನೆಯಾದರೆ ಒಬ್ಬರು ಮುಖ್ಯರಸ್ತೆಗೆ ಬಂದು ನಿಲ್ಲಬೇಕು. ಒಂದು ಚೀಟಿಯಲ್ಲಿ ನೋವು ಅಥವಾ ಭೇದಿ ಆರಂಭವಾದ ಹೊತ್ತು, ಎಷ್ಟು ಸಲವಾಯಿತು, ಕೊನೆಯ ಬಾರಿ ಮೂತ್ರವಾದದ್ದು ಮತ್ತು ಊಟ ಮಾಡಿದ್ದು ಯಾವಾಗ ಎಂಬುದನ್ನು ಬರೆದು, ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಹಳೆಯ ವೈದ್ಯ ಚೀಟಿಗಳನ್ನೂ ಅದರೊಡನೆ ಒಂದೇ ಚೀಲದಲ್ಲಿ ಒಯ್ಯಬೇಕು. ಕುಡಿಯಬಲ್ಲ ಭೇದಿಯ ರೋಗಿಗೆ ದಾರಿಯುದ್ದಕ್ಕೂ ಓಆರ್‌ಎಸ್ ಕೊಡುತ್ತಲೇ ಇರಬೇಕು.